ಮಂಗಳೂರಿನಿಂದ ಹೊಸ ಹಣ್ಣು ತರುವ ಮೊದಲು: ಆರಿಸುವುದು, ಬಿಡಿಸುವುದು, ಯಾರಿಗೆ ಕೊಡಬಾರದು?

ನೀರ್ಚಾಲು_ಮನೆ:

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಮಂಗಳೂರಿಗೆ ಹೋಗಲಿಕ್ಕುಂಟು. ಅಲ್ಲಿನ ದೊಡ್ಡ ಹೈಪರ್‌ಮಾರ್ಕೆಟಿನಲ್ಲಿ ಈಗ ಥಾಯ್ಲೆಂಡ್, ಇಂಡೋನೇಷ್ಯಾ ಕಡೆಯ ಹಣ್ಣುಗಳದ್ದೇ ಒಂದು ಸಾಲು ಇರುತ್ತದೆ. ಮ್ಯಾಂಗೊಸ್ಟೀನ್, ರಂಬುಟಾನ್, ಲೊಂಗಾನ್, ಸಲಾಕ್, ದುರಿಯನ್, ಬೆಣ್ಣೆಹಣ್ಣು (ಅವಕಾಡೊ), ಡ್ರ್ಯಾಗನ್, ಮುಳ್ಳು ರಾಮಫಲ (ಸೋರ್‌ಸಾಪ್). ರಂಬುಟಾನ್ ಮಳೆಗಾಲದಲ್ಲಿ ನಮ್ಮ ಊರಿನ ಮಾರ್ಗದ ಬದಿಯಲ್ಲೂ ಸಿಗುತ್ತದೆ. ಉಳಿದವುಗಳ ಪರಿಚಯ ಮನೆಯಲ್ಲಿ ಯಾರಿಗೂ ಇಲ್ಲ. ಬೆಲೆ ಕಡಿಮೆಯಲ್ಲ, ಹಾಗಾಗಿ ತಂದದ್ದು ಹಾಳಾಗಬಾರದು.

ನನ್ನ ಪ್ರಶ್ನೆಗಳು ಇವು. ಒಳ್ಳೆಯ ಹಣ್ಣನ್ನು ಹೊರಗಿನಿಂದ ಗುರುತಿಸುವುದು ಹೇಗೆ? ಯಾವುದನ್ನು ಫ್ರಿಜ್ಜಿನಲ್ಲಿಡಬೇಕು, ಯಾವುದನ್ನು ಇಡಬಾರದು? ದುರಿಯನ್ ಇಡೀ ಹಣ್ಣು ತಂದರೆ ಒಡೆಯುವ ಕ್ರಮ ಎಂತ? ಯಾವುದರ ಬೀಜ ತಿನ್ನಬಾರದು? ಮನೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ ಉಂಟು, ಮಾವನಿಗೆ ಕಿಡ್ನಿಯ ತೊಂದರೆ. ಡಯಾಲಿಸಿಸ್ ಇಲ್ಲ, ಔಷಧಿ ಮಾತ್ರ. 4 ಮತ್ತು 9 ವರ್ಷದ ಇಬ್ಬರು ಮಕ್ಕಳಿದ್ದಾರೆ. ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.


ಕುಂಬಳೆ_ಹಣ್ಣಂಗಡಿ:

ಅಕ್ಕ, ಹಣ್ಣಿನ ಹೆಸರು ಯಾವುದೇ ಇರಲಿ, ಕೊಳ್ಳುವ ಮೊದಲು ತಿಳಿದುಕೊಳ್ಳಬೇಕಾದದ್ದು ಒಂದೇ: ಅದು ಕೊಯ್ದ ಮೇಲೆ ಹಣ್ಣಾಗುವ ಜಾತಿಯೋ, ಅಲ್ಲವೋ. ಮಾವು, ಬಾಳೆ, ಪಪ್ಪಾಯಿ ಬಲಿತ ಮೇಲೆ ಕೊಯ್ದರೆ ಮನೆಯಲ್ಲೇ ಹಣ್ಣಾಗುತ್ತವೆ. ಬೆಣ್ಣೆಹಣ್ಣು, ಮುಳ್ಳು ರಾಮಫಲ, ದುರಿಯನ್, ಮ್ಯಾಂಗೊಸ್ಟೀನ್, ಪ್ಯಾಶನ್ ಫ್ರೂಟ್ ಇದೇ ಗುಂಪಿನವು. ಅನಾನಸು, ಚಕ್ಕೋತ ಹಾಗಲ್ಲ, ಕೊಯ್ದ ದಿನ ಎಷ್ಟು ಸಿಹಿ ಇತ್ತೋ ಅಷ್ಟೇ. ರಂಬುಟಾನ್, ಲೊಂಗಾನ್, ಲಿಚಿ, ಡ್ರ್ಯಾಗನ್, ಸಲಾಕ್ ಈ ಎರಡನೇ ಗುಂಪಿಗೆ ಸೇರುತ್ತವೆ. ಇವನ್ನು ಅಕ್ಕಿಯ ಡಬ್ಬದಲ್ಲಿಟ್ಟರೂ ಬೈಹುಲ್ಲಿನಲ್ಲಿಟ್ಟರೂ ಸಿಹಿ ಏರುವುದಿಲ್ಲ, ಇದ್ದ ನೀರು ಆರಿ ಹೋಗುತ್ತದೆ ಅಷ್ಟೇ. ಆದ್ದರಿಂದ ಮ್ಯಾಂಗೊಸ್ಟೀನ್ ಒಂದನ್ನು ಬಿಟ್ಟು ಮೊದಲ ಗುಂಪಿನದ್ದನ್ನು ತಿನ್ನುವ ದಿನ ಲೆಕ್ಕ ಹಾಕಿ ಗಟ್ಟಿಯದ್ದನ್ನು ತರಬಹುದು, ಎರಡನೆಯದನ್ನು ತಂದ ಎರಡು ಮೂರು ದಿನದೊಳಗೆ ಮುಗಿಸಬೇಕು.

ಮ್ಯಾಂಗೊಸ್ಟೀನಿನಿಂದ ಶುರು ಮಾಡುತ್ತೇನೆ, ಏಕೆಂದರೆ ಜನ ಹೆಚ್ಚು ಹಣ ಕಳೆದುಕೊಳ್ಳುವುದು ಇದರಲ್ಲಿ. ಇದು ನಮ್ಮ ಪುನರ್ಪುಳಿಯ (ಕೋಕಂ) ಕುಲದ್ದೇ, ಗಾರ್ಸಿನಿಯಾ. ಸಿಪ್ಪೆ ಕಡು ನೇರಳೆ ಬಣ್ಣದಲ್ಲಿದ್ದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ತುಸು ತಗ್ಗಬೇಕು. ಕಲ್ಲಿನ ಹಾಗೆ ಗಟ್ಟಿ ಇದ್ದರೆ ಅದು ಕಾಯಿ ಅಲ್ಲ, ಹಳೆಯದು. ಸಿಪ್ಪೆ ಒಣಗಿ ಬಿಗಿದುಕೊಂಡಿದೆ, ಒಳಗಿನ ಸೊಳೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ನೆಲಕ್ಕೆ ಬಿದ್ದು ಪೆಟ್ಟಾದ ಜಾಗವೂ ಹೀಗೆಯೇ ಗಟ್ಟಿಯಾಗುತ್ತದೆ, ಆದ್ದರಿಂದ ಸುತ್ತಲೂ ಒತ್ತಿ ನೋಡಿ. ತೊಟ್ಟಿನ ಮೇಲಿನ ನಾಲ್ಕು ಎಸಳು ಹಸಿರಾಗಿದ್ದರೆ ಹೊಸ ಮಾಲು. ಹಣ್ಣನ್ನು ತಲೆಕೆಳಗೆ ಮಾಡಿದರೆ ಬುಡದಲ್ಲಿ ಹೂವಿನಂಥ ಒಂದು ಗುರುತು ಕಾಣುತ್ತದೆ. ಅದರಲ್ಲಿ ಎಷ್ಟು ಎಸಳೋ ಒಳಗೆ ಅಷ್ಟೇ ಸೊಳೆ. ಎಸಳು ಹೆಚ್ಚಿದ್ದ ಹಣ್ಣನ್ನು ಆರಿಸಿ. ಸೊಳೆ ಹೆಚ್ಚಿದ್ದಷ್ಟು ಪ್ರತಿಯೊಂದೂ ಸಣ್ಣದಾಗಿರುತ್ತದೆ, ಸಣ್ಣ ಸೊಳೆಯಲ್ಲಿ ಬೀಜ ಇರುವುದು ಅಪರೂಪ. ತೂಕದ ಲೆಕ್ಕವೂ ನೆನಪಿರಲಿ: ಸಿಪ್ಪೆ ದಪ್ಪ, 1 ಕಿಲೋ ತಂದರೆ ತಿನ್ನಲು ಸಿಗುವುದು ಸುಮಾರು 300 ಗ್ರಾಂ ಮಾತ್ರ.

ಒಳಗೆ ಎರಡು ದೋಷ ಕಾಣಬಹುದು. ಸೊಳೆಯ ಮೇಲೆ ಹಳದಿ ಮೇಣ ಅಂಟಿದ್ದರೆ ಆ ಸೊಳೆ ಕಹಿ, ಅದನ್ನು ಮಾತ್ರ ತೆಗೆದುಬಿಡಿ. ಸೊಳೆ ಹಾಲುಬಿಳುಪಾಗಿರದೆ ಗಾಜಿನಂತೆ ಪಾರಕವಾಗಿದ್ದು ಕಚ್ಚಿದಾಗ ಕರುಕರು ಎಂದರೆ ಅದು ಕೊಯ್ಲಿನ ಮುಂಚಿನ ವಾರಗಳಲ್ಲಿ ಗಿಡಕ್ಕೆ ನೀರು ಅತಿಯಾದದ್ದರ ಪರಿಣಾಮ. ತಿಂದರೆ ತೊಂದರೆ ಇಲ್ಲ, ರುಚಿ ಮಾತ್ರ ಸಪ್ಪೆ. ಕೇರಳದ ಚಾಲಕ್ಕುಡಿ ಕಡೆಯ ಹಣ್ಣಿನಲ್ಲಿ ಮಳೆ ಜೋರಾದ ಮೇಲೆ ಇದು ಹೆಚ್ಚು, ಹಾಗಾಗಿ ಆ ಮಾಲನ್ನು ಮಳೆಗೆ ಮೊದಲು ಕೊಳ್ಳುವುದು ಒಳ್ಳೆಯದು. ಹೊರಸಿಪ್ಪೆಯ ಮೇಲೆ ಒಣಗಿದ ಹಳದಿ ಹನಿ ಕಂಡರೆ ಹೆದರಬೇಕಾಗಿಲ್ಲ.

ಮ್ಯಾಂಗೊಸ್ಟೀನಿಗೆ ಮನೆಯ ಫ್ರಿಜ್ಜಿನ ಚಳಿ ಆಗುವುದಿಲ್ಲ. ಅದಕ್ಕೆ ಬೇಕಾದದ್ದು 12, 13 ಡಿಗ್ರಿ, ಮನೆಯ ಫ್ರಿಜ್ಜು 4, 5 ಡಿಗ್ರಿಯಲ್ಲಿರುತ್ತದೆ. ನಾಲ್ಕೈದು ದಿನ ಅಲ್ಲಿಟ್ಟರೆ ಸಿಪ್ಪೆ ಗಟ್ಟಿಯಾಗಿ ಚೂರಿ ಇಳಿಯುವುದಿಲ್ಲ. ನೆರಳಿನ ತಂಪು ಕೋಣೆಯಲ್ಲಿ ಒಂದೇ ಪದರವಾಗಿ ಹರಡಿ ಇಡಿ.

ರಂಬುಟಾನಿನಲ್ಲಿ ಕೂದಲು ನೋಡಬೇಕು. ಮೊದಲು ನೀರು ಕಳೆದುಕೊಳ್ಳುವುದು ಕೂದಲೇ. ತುದಿ ಸ್ವಲ್ಪ ಹಸಿರಾಗಿದ್ದು ಬುಡ ಕೆಂಪಾಗಿದ್ದರೆ ಹೊಸದು. ಕೂದಲು ಕಪ್ಪಾಗಿ ಮುರಿಯುವಂತಿದ್ದರೆ ಕೊಯ್ದು ಕೆಲವು ದಿನ ಆಗಿದೆ, ಆದರೆ ಸಿಪ್ಪೆ ಇನ್ನೂ ಬಿರುಸಾಗಿದ್ದರೆ ಒಳಗೆ ಚೆನ್ನಾಗಿರಬಹುದು. ಒಂದನ್ನು ಅಂಗಡಿಯವರ ಹತ್ತಿರ ಬಿಡಿಸಿ ಕೊಡಲು ಹೇಳಿ. ನೀರು ಜಿನುಗಿ ಹುಳಿಹೆಂಡದ ವಾಸನೆ ಬಂದರೆ ಬೇಡ. ಸಣ್ಣ ತೂತಿರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತರಕಾರಿ ಟ್ರೇಯಲ್ಲಿ ಎರಡು ಮೂರು ದಿನ ಇಡಬಹುದು. ತೆರೆದಿಟ್ಟರೆ ಅಷ್ಟೂ ಉಳಿಯುವುದಿಲ್ಲ.

ಲೊಂಗಾನಿನ ಸಿಪ್ಪೆ ತೆಳು, ಮಣ್ಣಿನ ಬಣ್ಣ. ಗೊಂಚಲಿನಿಂದ ತಾನಾಗಿ ಉದುರಿದ್ದನ್ನು ಬಿಟ್ಟು ತೊಟ್ಟು ಹಿಡಿದುಕೊಂಡಿರುವುದನ್ನು ಆರಿಸಿ. ಥಾಯ್ಲೆಂಡಿನಿಂದ ಬರುವ ಲೊಂಗಾನಿಗೆ ಸಿಪ್ಪೆ ಕಪ್ಪಾಗದ ಹಾಗೆ ಗಂಧಕದ ಹೊಗೆ ಕೊಡುವ ಪದ್ಧತಿ ಉಂಟು. ಬಣ್ಣ ಅತಿ ಸಮನಾಗಿ, ತಿಳಿ ಹಳದಿಯಾಗಿ ಕಂಡರೆ ಅದು ಅದರದ್ದೇ ಗುರುತು. ಆದ್ದರಿಂದ ಹಲ್ಲಿನಿಂದ ಕಚ್ಚಿ ಸಿಪ್ಪೆ ಬಿಡಿಸಬೇಡಿ. ತೊಳೆದು, ಉಗುರಿನಿಂದ ಬಿಡಿಸಿ, ಕೈ ಒರಸಿಕೊಂಡು ತಿನ್ನಿ. ಮನೆಯಲ್ಲಿ ದಮ್ಮು ಇರುವವರಿದ್ದರೆ ಅವರ ಹತ್ತಿರ ಪೆಟ್ಟಿಗೆ ಬಿಚ್ಚಬಾರದು.

ಸಲಾಕಿನ ಸಿಪ್ಪೆ ಹಾವಿನ ಪೊರೆಯ ಹಾಗೆ ಕಾಣುತ್ತದೆ, ಸಣ್ಣ ಮುಳ್ಳುಗಳಿರುತ್ತವೆ. ಚೂಪಾದ ತುದಿಯನ್ನು ಚಿವುಟಿ ಮುರಿದು ಕೆಳಗೆ ಎಳೆದರೆ ಸಿಪ್ಪೆ ಬರುತ್ತದೆ. ಒಳಗೆ ಮೂರು ಸೊಳೆ ಇರುತ್ತದೆ. ಅವುಗಳ ಮೇಲಿನ ತೆಳು ಪೊರೆಯನ್ನು ಉಜ್ಜಿ ತೆಗೆಯದಿದ್ದರೆ ಬಾಯಿ ಚೊಗರಾಗುತ್ತದೆ. ಬೀಜ ಕಲ್ಲಿನಷ್ಟು ಗಟ್ಟಿ. ಇಂಡೋನೇಷ್ಯಾದ ಪೊಂಡೊ ಎಂಬ ಜಾತಿ ಎಳತಿನಲ್ಲೂ ಚೊಗರು ಕಡಿಮೆ ಇರುವಂಥದ್ದು, ಸಿಕ್ಕರೆ ಅದನ್ನೇ ತನ್ನಿ.

ಡ್ರ್ಯಾಗನ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಬಿಳಿ ತಿರುಳಿಗಿಂತ ಕೆಂಪು ತಿರುಳು ಸಾಮಾನ್ಯವಾಗಿ ಹೆಚ್ಚು ಸಿಹಿ. ಕೆಂಪು ತಿಂದ ಮರುದಿನ ಮೂತ್ರ ಕೆಂಪಾದರೆ ಗಾಬರಿಯಾಗಬೇಡಿ, ಅದು ಹಣ್ಣಿನ ಬಣ್ಣ.

ಬೆಣ್ಣೆಹಣ್ಣಿನಲ್ಲಿ ಎರಡು ಬಗೆ ಬರುತ್ತದೆ. ಹಾಸ್ ಜಾತಿ ಹಣ್ಣಾಗುವಾಗ ಹಸಿರಿನಿಂದ ಕಪ್ಪಿಗೆ ತಿರುಗುತ್ತದೆ. ಕೊಡಗಿನಿಂದ ಬರುವ ನಯ ಸಿಪ್ಪೆಯದು ಹಲವು ಸಲ ಹಣ್ಣಾದರೂ ಹಸಿರೇ, ಅದನ್ನು ಅಂಗೈಯಲ್ಲಿಟ್ಟು ಇಡೀ ಕೈಯಿಂದ ಒತ್ತಿ ತಿಳಿಯಬೇಕು. ಬೆರಳ ತುದಿಯಿಂದ ಚುಚ್ಚಿದರೆ ಆ ಜಾಗ ಕಪ್ಪಾಗುತ್ತದೆ. ಬೇಗ ಹಣ್ಣಾಗಬೇಕಾದರೆ ಒಂದು ಹಣ್ಣಾದ ಬಾಳೆಯೊಂದಿಗೆ ಪೇಪರಿನಲ್ಲಿ ಸುತ್ತಿ ಇಡಿ. ಬಾಳೆ ಬಿಡುವ ಎಥಿಲೀನ್ ಗ್ಯಾಸಿನಿಂದ ಎರಡು ಮೂರು ದಿನದಲ್ಲಿ ಮೆದುವಾಗುತ್ತದೆ. ಗಟ್ಟಿ ಇರುವಾಗ ಫ್ರಿಜ್ಜಿಗೆ ಹಾಕಬಾರದು, ಮೆದುವಾದ ಮೇಲೆ ಹಾಕಿದರೆ ಎರಡು ದಿನ ತಡೆಯುತ್ತದೆ. ಮುಳ್ಳು ರಾಮಫಲವೂ ಹೀಗೆಯೇ. ಹಸಿರು ತುಸು ಹಳದಿಗೆ ತಿರುಗಿ, ಒತ್ತಿದರೆ ಬೆರಳು ಇಳಿಯುವಷ್ಟು ಮೆದುವಾದ ದಿನವೇ ಬಿಡಿಸಬೇಕು. ಒಂದು ದಿನ ತಡವಾದರೆ ಹುಳಿತು ಹೋಗುತ್ತದೆ.

ಮಂಗಳೂರಿನಿಂದ ಬರುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಹಣ್ಣು ಬಿಟ್ಟು ಊಟಕ್ಕೆ ಹೋಗಬೇಡಿ. ಹಣ್ಣಿನ ಖರೀದಿಯನ್ನು ಕೊನೆಗೆ ಇಟ್ಟುಕೊಳ್ಳಿ.


ಪುತ್ತಿಗೆ_ಅಡುಗೆಮನೆ:

ಕುಂಬಳೆ ಅಣ್ಣ ಆರಿಸುವುದರ ಬಗ್ಗೆ ಹೇಳಿದ್ದಾರೆ, ನಾನು ಬಿಡಿಸುವುದರ ಬಗ್ಗೆ ಬರೆಯುತ್ತೇನೆ.

ಮ್ಯಾಂಗೊಸ್ಟೀನನ್ನು ಮೆಟ್ಟುಕತ್ತಿಯಲ್ಲಿ ಎರಡು ಹೋಳು ಮಾಡಬೇಡಿ, ಸೊಳೆಯೂ ಕತ್ತರಿಸಿ ಸಿಪ್ಪೆಯ ರಸ ತಾಗಿ ಚೊಗರಾಗುತ್ತದೆ. ಸಣ್ಣ ಚೂರಿಯಿಂದ ಹಣ್ಣಿನ ನಡುವಿಗೆ ಸುತ್ತಲೂ ಅರ್ಧ ಸೆಂಟಿಮೀಟರ್ ಆಳದ ಗೆರೆ ಹಾಕಿ, ಎರಡು ಕೈಯಲ್ಲಿ ಹಿಡಿದು ತಿರುಚಿ. ಮೇಲಿನ ಅರ್ಧ ಸಿಪ್ಪೆ ಟೊಪ್ಪಿಯ ಹಾಗೆ ಕಳಚಿ ಬರುತ್ತದೆ. ಅಡಿಗೆ ಹಳೆಯ ಪೇಪರ್ ಹಾಸಿರಲಿ. ಸಿಪ್ಪೆಯ ಕೆಂಪು ರಸ ಬಿಳಿ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಪುನರ್ಪುಳಿಯ ಸಂಬಂಧಿಯಾದರೂ ಇದರ ಸಿಪ್ಪೆ ಒಣಗಿಸಿ ಸಾರು, ಶರಬತ್ತು ಮಾಡುವ ಯೋಚನೆ ಬೇಡ. ಪುನರ್ಪುಳಿಯ ಸಿಪ್ಪೆಯಲ್ಲಿ ಹುಳಿ ಉಂಟು, ಇದರಲ್ಲಿ ಚೊಗರೂ ಮೇಣವೂ ಬಿಟ್ಟರೆ ಬೇರೆ ಏನೂ ಇಲ್ಲ.

ದುರಿಯನ್: ಮೊದಲ ಸಲಕ್ಕೆ ಇಡೀ ಹಣ್ಣು ಬೇಡ ಅಕ್ಕ. ಥಾಯ್ಲೆಂಡಿನ ಮೊಂತೊಂಗ್ ಜಾತಿಯ ಒಂದು ಹಣ್ಣು 3 ಕಿಲೋ ತೂಗಿದರೆ ತಿನ್ನುವ ತಿರುಳು ಅದರ ಮೂರನೇ ಒಂದು ಭಾಗವೂ ಇರುವುದಿಲ್ಲ. ಸೊಳೆ ಬಿಡಿಸಿ ಟ್ರೇಯಲ್ಲಿ ಇಟ್ಟದ್ದು ಸಿಕ್ಕರೆ ಅದನ್ನೇ ತನ್ನಿ, ಪ್ಯಾಕ್ ಮಾಡಿದ ತಾರೀಕು ನೋಡಿ. ಇಡೀ ಹಣ್ಣೇ ಬೇಕೆಂದರೆ ಹೀಗೆ ಮಾಡಬೇಕು.

ಅಕ್ಕಪಕ್ಕದ ಎರಡು ಮುಳ್ಳಿನ ತುದಿಗಳನ್ನು ಹಿಡಿದು ಒಂದರ ಕಡೆಗೆ ಇನ್ನೊಂದನ್ನು ಒತ್ತಿ. ತುಸು ಬಾಗಿದರೆ ಹಣ್ಣಾಗಿದೆ. ಹಣ್ಣನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗೆ ಸೊಳೆ ಸಡಿಲವಾಗಿ ಅಲುಗುವುದು ಗೊತ್ತಾಗುತ್ತದೆ. ಮೊಂತೊಂಗನ್ನು ಮರದಲ್ಲಿ ಹಣ್ಣಾಗಲು ಬಿಡದೆ ಬಲಿತ ಕೂಡಲೇ ಕೊಯ್ಯುತ್ತಾರೆ, ಆದ್ದರಿಂದ ಗಟ್ಟಿಯದ್ದು ಸಿಕ್ಕಿದರೆ ಮೂರು ನಾಲ್ಕು ದಿನ ಹೊರಗಿಡಿ. ಬಲಿಯದೆ ಕೊಯ್ದ ಎಳತು ಮಾತ್ರ ಎಷ್ಟು ದಿನ ಇಟ್ಟರೂ ಸುಧಾರಿಸುವುದಿಲ್ಲ. ಇದೇ ಕಾರಣಕ್ಕೆ ಥಾಯ್ಲೆಂಡಿನಲ್ಲಿ ಮೊಂತೊಂಗಿನ ತಿರುಳಿನಲ್ಲಿ ನೀರು ಕಳೆದು ಉಳಿಯುವ ಅಂಶ ಕನಿಷ್ಠ 32% ಇರಬೇಕೆಂಬ ಮಾನದಂಡ ಇಟ್ಟಿದ್ದಾರೆ.

ಒಡೆಯುವಾಗ ಗೋಣಿ ಅಥವಾ ದಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿ. ಹಣ್ಣನ್ನು ತೊಟ್ಟು ಕೆಳಗಾಗಿ ನಿಲ್ಲಿಸಿ. ಈಗ ಮೇಲೆ ಕಾಣುವ ತುದಿಯಲ್ಲಿ ಮುಳ್ಳುಗಳ ಸಾಲಿನ ನಡುವೆ ಐದು ತೆಳು ಗೆರೆಗಳು ನಕ್ಷತ್ರದ ಆಕಾರದಲ್ಲಿ ಬಂದು ಸೇರಿರುತ್ತವೆ. ಆ ಗೆರೆಗಳು ಸೇರುವಲ್ಲಿ ದಪ್ಪ ಚೂರಿಯ ತುದಿಯನ್ನು 3 ಸೆಂಟಿಮೀಟರಿನಷ್ಟು ಇಳಿಸಿ ತಿರುಚಿ. ಬಾಯಿ ಬಿಟ್ಟ ಮೇಲೆ ಟವೆಲು ಸುತ್ತಿದ ಎರಡು ಕೈಯಿಂದ ಎಳೆದರೆ ಗೆರೆಯ ಉದ್ದಕ್ಕೆ ಬಿರಿಯುತ್ತದೆ. ಗೆರೆ ಬಿಟ್ಟು ಅಡ್ಡಕ್ಕೆ ಕಡಿಯಹೋದರೆ ಚೂರಿ ಜಾರಿ ಕೈಗೆ ತಾಗುವ ಅಪಾಯ ಉಂಟು, ಸೊಳೆಯೂ ಹಾಳಾಗುತ್ತದೆ. ಹಲಸಿನ ಹಾಗೆ ಕೈಗೆ ಮೇಣ ಅಂಟುವುದಿಲ್ಲ, ಎಣ್ಣೆ ಹಚ್ಚಬೇಕಾಗಿಲ್ಲ. ಎಣ್ಣೆ ಕೈಯಲ್ಲಿ ಮುಳ್ಳಿನ ಸಿಪ್ಪೆ ಹಿಡಿಯುವುದೇ ಅಪಾಯ.

ಉಳಿದ ಸೊಳೆಯನ್ನು ಗಾಳಿಯಾಡದ ಡಬ್ಬಕ್ಕೆ ಹಾಕಿ, ಅದನ್ನು ಇನ್ನೊಂದು ಡಬ್ಬದೊಳಗಿಟ್ಟು ಫ್ರೀಜರಿಗೆ ಹಾಕಿ. ಒಂದೇ ಡಬ್ಬವಾದರೆ ಫ್ರಿಜ್ಜಿನ ಹಾಲು, ಬೆಣ್ಣೆ ಎಲ್ಲ ಅದೇ ವಾಸನೆ ಹಿಡಿಯುತ್ತದೆ. ಬೀಜ ಹಸಿ ತಿನ್ನಬಾರದು. ಉಪ್ಪು ನೀರಿನಲ್ಲಿ 20, 25 ನಿಮಿಷ ಬೇಯಿಸಿ ಸಿಪ್ಪೆ ತೆಗೆದು ಹಲಸಿನ ಬೇಳೆಯಂತೆ ಪಲ್ಯಕ್ಕೆ ಹಾಕಬಹುದು. ಗಟ್ಟಿಯಾಗಿಯೇ ಉಳಿದ ತಿರುಳನ್ನು ತೆಳ್ಳಗೆ ಸೀಳಿ ತೆಂಗಿನೆಣ್ಣೆಯಲ್ಲಿ ಕರಿದರೆ ಒಳ್ಳೆಯ ಚಿಪ್ಸು ಆಗುತ್ತದೆ, ಥಾಯ್ಲೆಂಡಿನಲ್ಲಿ ಅದನ್ನು ಮಾರುವುದೂ ಉಂಟು.

ದುರಿಯನನ್ನು ಹಾಗೆಯೇ ತಿನ್ನಲು ಮನೆಯವರು ಹಿಂಜರಿದರೆ ಪಾಯಸ ಮಾಡಿ. 200 ಗ್ರಾಂ ತಿರುಳು, 150 ಗ್ರಾಂ ಬೆಲ್ಲ, ಒಂದು ತೆಂಗಿನಕಾಯಿಯ ಹಾಲು. ಬೆಲ್ಲವನ್ನು ಎರಡನೇ ಹಾಲಿನಲ್ಲಿ ಕರಗಿಸಿ ಸೋಸಿ, ಎರಡು ಚಮಚ ಅಕ್ಕಿಹಿಟ್ಟು ಕದಡಿ ಕುದಿಸಿ, ಹಸಿ ವಾಸನೆ ಹೋದ ಮೇಲೆ ತಿರುಳು ಹಾಕಿ ಐದು ನಿಮಿಷ ಕೈಯಾಡಿಸಿ. ಒಲೆ ಆರಿಸಿ ಮೊದಲ ಹಾಲು ಸೇರಿಸಿ, ಆಮೇಲೆ ಕುದಿಸಿದರೆ ಒಡೆಯುತ್ತದೆ. ಏಲಕ್ಕಿ ಹಾಕಬೇಡಿ, ಎರಡು ಪರಿಮಳ ಒಂದಕ್ಕೊಂದು ಹೊಂದುವುದಿಲ್ಲ. ಒಂದು ಚಿಟಿಕೆ ಉಪ್ಪು ಸಾಕು.

ಮುಳ್ಳು ರಾಮಫಲವನ್ನು ನೇರ ಮಿಕ್ಸಿಗೆ ಹಾಕಬಾರದು. ಬೀಜ ವಿಷಕಾರಿ, ಪುಡಿಯಾಗಿ ಸೇರಿಬಿಟ್ಟರೆ ತೆಗೆಯುವ ದಾರಿ ಇಲ್ಲ. ಸಿಪ್ಪೆ, ನಡುವಿನ ದಿಂಡು ತೆಗೆದು, ತಿರುಳಿಗೆ ಅರ್ಧ ಲೋಟ ನೀರು ಹಾಕಿ ಕೈಯಲ್ಲಿ ಹಿಸುಕಿ ದೊಡ್ಡ ಕಣ್ಣಿನ ಜರಡಿಯಲ್ಲಿ ಸೋಸಿ. ಬೆಣ್ಣೆಹಣ್ಣನ್ನು ಯಾವತ್ತೂ ಕುದಿಸಬೇಡಿ, ಕಹಿಯಾಗುತ್ತದೆ. ಅದರ ಬೀಜವನ್ನು ಕೈಯಲ್ಲಿ ಹಿಡಿದು ಚೂರಿಯಿಂದ ಹೊಡೆದು ತೆಗೆಯುವ ವೀಡಿಯೊಗಳನ್ನು ನೋಡಿ ಹಾಗೆ ಮಾಡಬೇಡಿ, ಚಮಚದಿಂದ ಎಬ್ಬಿಸಿದರೆ ಸುಲಭವಾಗಿ ಬರುತ್ತದೆ. ಕಿವಿ ಹಣ್ಣು ತಂದರೆ ಹಸಿಯಾಗಿ ಹಾಲಿಗೆ ಹಾಕಬೇಡಿ. ಅದರಲ್ಲಿರುವ ಕಿಣ್ವ ಹಾಲನ್ನು ಒಡೆದು ಕಹಿ ಮಾಡುತ್ತದೆ.

ಮಕ್ಕಳ ವಿಷಯ: ರಂಬುಟಾನ್, ಲೊಂಗಾನ್ ಎರಡೂ ಗುಂಡಗೆ, ಜಾರುವ ಹಣ್ಣು. 4 ವರ್ಷದ ಮಗುವಿಗೆ ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಉಂಟು. ಬೀಜ ತೆಗೆದು ನಾಲ್ಕು ಹೋಳು ಮಾಡಿಯೇ ಕೊಡಿ. ರಂಬುಟಾನಿನ ಕೆಲವು ಜಾತಿಗಳಲ್ಲಿ ತಿರುಳಿನ ಜೊತೆ ಬೀಜದ ಹೊರಪೊರೆಯೂ ಮರದ ಚಕ್ಕೆಯಂತೆ ಅಂಟಿಕೊಂಡು ಬರುತ್ತದೆ. ತಿಂದರೆ ವಿಷವಲ್ಲ, ಮಕ್ಕಳಿಗೆ ಗಂಟಲು ಕೆರೆಯುತ್ತದೆ.


ಉಪ್ಪಳ_ಫಾರ್ಮಸಿಸ್ಟ್:

ನಿಮ್ಮ ಮಾವನ ವಿಷಯ ಮೊದಲು. ಹೊರದೇಶದ ಹಣ್ಣಿಗಿಂತ ಮೊದಲು ನಮ್ಮ ಹಿತ್ತಿಲಿನದ್ದೇ ಒಂದನ್ನು ಹೇಳಬೇಕು. ಹೈಪರ್‌ಮಾರ್ಕೆಟಿನಲ್ಲಿ ಸ್ಟಾರ್ ಫ್ರೂಟ್ ಎಂದು ನಕ್ಷತ್ರದಾಕಾರಕ್ಕೆ ಕತ್ತರಿಸಿ ಇಡುವುದು ದಾರೆಹುಳಿಯನ್ನೇ. ಕಿಡ್ನಿಯ ಕೆಲಸ ಕುಂಠಿತವಾದವರಿಗೆ ಅದು ನೇರ ಅಪಾಯ. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಿಷವನ್ನು ಆರೋಗ್ಯವಂತರ ಕಿಡ್ನಿ ಹೊರಹಾಕುತ್ತದೆ, ಅವರದ್ದು ಹಾಕುವುದಿಲ್ಲ. ಅದು ಮಿದುಳಿಗೆ ತಾಗುತ್ತದೆ. ಮೊದಲ ಲಕ್ಷಣ ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಅಪಸ್ಮಾರ. ಜ್ಯೂಸ್, ಉಪ್ಪಿನಕಾಯಿ, ಗೊಜ್ಜು ಯಾವುದೂ ಬೇಡ. ಬಿಂಬುಳಿಯೂ ಅದೇ ಕುಲದ್ದು, ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ತುಂಬಿದ್ದು. ಕೊಲೆಸ್ಟ್ರಾಲಿಗೆ ಒಳ್ಳೆಯದೆಂದು ಬಿಂಬುಳಿ ರಸ ಕುಡಿದು ಕಿಡ್ನಿ ಕೆಟ್ಟ ಪ್ರಕರಣಗಳನ್ನು ಕೇರಳದ ವೈದ್ಯರು 2013ರಲ್ಲೇ ಪ್ರಕಟಿಸಿದ್ದಾರೆ, ಅವರಲ್ಲಿ ಮೊದಲು ಕಿಡ್ನಿ ಸರಿಯಿದ್ದವರೂ ಇದ್ದರು.

ಮಾವನಿಗೆ ಪೊಟ್ಯಾಸಿಯಂ ಮಿತಿ ಹೇಳಿದ್ದಾರೋ ಎಂದು ವೈದ್ಯರ ಚೀಟಿ ನೋಡಿ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 360 ಮಿಲಿಗ್ರಾಂ ಇದ್ದರೆ, ದುರಿಯನಿನಲ್ಲಿ 435, ಬೆಣ್ಣೆಹಣ್ಣಿನಲ್ಲಿ 485. ಬಾಳೆ ಬೇಡ ಎಂದವರಿಗೆ ಈ ಎರಡೂ ಬೇಡ.

ಅತ್ತೆಗೆ: 100 ಗ್ರಾಂ ದುರಿಯನಿನಲ್ಲಿ ಕಾರ್ಬೋಹೈಡ್ರೇಟ್ 27 ಗ್ರಾಂ, ಲೊಂಗಾನಿನಲ್ಲಿ 15. ಬೆಣ್ಣೆಹಣ್ಣಿನಲ್ಲಿ ಎಂಟೂವರೆ ಗ್ರಾಂ, ಅದರಲ್ಲೂ ಹೆಚ್ಚಿನದು ನಾರು. ಆದ್ದರಿಂದ ಅವರಿಗೆ ಬೆಣ್ಣೆಹಣ್ಣು ಉತ್ತಮ ಆಯ್ಕೆ, ಸಕ್ಕರೆ ಹಾಕಿ ಮಿಲ್ಕ್‌ಶೇಕ್ ಮಾಡದಿದ್ದರೆ. ಲೊಂಗಾನ್, ರಂಬುಟಾನ್ ನಾಲ್ಕೈದು ತಿನ್ನಬಹುದು, ಊಟವಾದ ಕೂಡಲೇ ಬೇಡ. ಇನ್ನೊಂದು ಮಾತು: ಕೊಲೆಸ್ಟ್ರಾಲ್ ಮಾತ್ರೆ ಅಥವಾ ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಗ್ರೇಪ್‌ಫ್ರೂಟ್, ಚಕ್ಕೋತ ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು. ಕರುಳಿನಲ್ಲಿ ಔಷಧಿಯನ್ನು ಒಡೆಯುವ ಕಿಣ್ವವನ್ನು ಇವು ತಡೆಯುತ್ತವೆ, ಆಗ ಒಂದು ಮಾತ್ರೆ ತಿಂದರೂ ರಕ್ತದಲ್ಲಿ ಹೆಚ್ಚು ಸೇರುತ್ತದೆ.

ಮುಳ್ಳು ರಾಮಫಲ ಕ್ಯಾನ್ಸರ್ ಗುಣಪಡಿಸುತ್ತದೆ ಎಂಬ ಸಂದೇಶ ನಮ್ಮ ಕಡೆ ವಾಟ್ಸಾಪಿನಲ್ಲಿ ನಿಲ್ಲುವುದೇ ಇಲ್ಲ. ಮನುಷ್ಯರಲ್ಲಿ ಅದಕ್ಕೆ ಪುರಾವೆ ಇಲ್ಲ. ಅದರಲ್ಲಿರುವ ಅನೋನಾಸಿನ್ ನರಕೋಶಗಳಿಗೆ ಹಾನಿಕರ, ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ದಿನಾ ತಿನ್ನುವವರಲ್ಲಿ ಕಂಡ ಪಾರ್ಕಿನ್ಸನ್‌ನಂಥ ರೋಗಕ್ಕೂ ಇದಕ್ಕೂ ಸಂಬಂಧ ಉಂಟೆಂದು ಸಂಶೋಧಕರು ಶಂಕಿಸಿದ್ದಾರೆ. ಯಾವಾಗಲೋ ಒಮ್ಮೆ ಹಣ್ಣು ತಿನ್ನುವುದು ಬೇರೆ, ಎಲೆಯ ಕಷಾಯವನ್ನು ದಿನಾ ಕುಡಿಯುವುದು ಬೇರೆ. ಚಿಕಿತ್ಸೆ ಬಿಟ್ಟು ಇದನ್ನು ನಂಬಿ ಕೂರುವವರನ್ನು ದಯವಿಟ್ಟು ತಡೆಯಿರಿ.

ರಬ್ಬರ್ ಟ್ಯಾಪಿಂಗ್ ಮಾಡುವವರು ಅಥವಾ ರಬ್ಬರ್ ಕೈಗವಸು ಹಾಕಿದರೆ ತುರಿಕೆ ಬರುವವರು ಬೆಣ್ಣೆಹಣ್ಣು, ಕಿವಿ ಹಣ್ಣುಗಳನ್ನು ಮೊದಲು ಒಂದು ಸಣ್ಣ ತುಂಡು ತಿಂದು ಅರ್ಧ ಗಂಟೆ ಕಾಯಬೇಕು. ರಬ್ಬರ್ ಹಾಲಿನ ಅಲರ್ಜಿ ಇದ್ದವರಿಗೆ ಈ ಹಣ್ಣುಗಳಿಂದಲೂ ಅಲರ್ಜಿ ಆಗುವುದುಂಟು. ತುಟಿ ತುರಿಸಿದರೆ, ಬಾತರೆ ಅಲ್ಲಿಗೇ ನಿಲ್ಲಿಸಿ. ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಇದೇ ಕಾರಣಕ್ಕೆ ಒಂದು ದಿನಕ್ಕೆ ಒಂದೇ ಹೊಸ ಹಣ್ಣು ತಿನ್ನಿ, ಐದು ಬಗೆ ಒಟ್ಟಿಗೆ ತಿಂದರೆ ಯಾವುದು ಆಗಲಿಲ್ಲ ಎಂದು ಹೇಳುವುದು ಹೇಗೆ?

ಲಿಚಿ ತಂದರೆ ಮಕ್ಕಳಿಗೆ ಬರಿಹೊಟ್ಟೆಗೆ ಕೊಡಬೇಡಿ, ರಾತ್ರಿ ಊಟ ತಪ್ಪಿಸಲೂ ಬಿಡಬೇಡಿ. ಬಿಹಾರದ ಮುಜಫರ್‌ಪುರದಲ್ಲಿ ಮಕ್ಕಳ ಸಾವಿಗೆ ಹಸಿವು ಮತ್ತು ಲಿಚಿಯಲ್ಲಿರುವ, ರಕ್ತದ ಸಕ್ಕರೆ ಇಳಿಸುವ ವಸ್ತು ಎರಡೂ ಸೇರಿ ಕಾರಣವೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ.

ಊರಿನ ರಂಬುಟಾನಿಗೆ ಒಂದು ಎಚ್ಚರಿಕೆ. 2018ರಿಂದ ಕೋಯಿಕ್ಕೋಡ್, ಮಲಪ್ಪುರಂ ಕಡೆ ನಿಪಾ ಮತ್ತೆ ಮತ್ತೆ ಬಂದಿದೆ, ಆ ವೈರಸ್ಸಿನ ನೆಲೆ ಹಣ್ಣು ತಿನ್ನುವ ಬಾವಲಿ. ಹಲ್ಲಿನ, ಉಗುರಿನ ಗುರುತಿರುವುದು, ಅರ್ಧ ತಿಂದದ್ದು, ಬಿರಿದು ನೆಲಕ್ಕೆ ಬಿದ್ದದ್ದು ಯಾವುದನ್ನೂ ತಿನ್ನಬಾರದು. ಆ ಭಾಗ ಕತ್ತರಿಸಿ ತೆಗೆದು ಉಳಿದದ್ದು ತಿನ್ನುವುದೂ ಬೇಡ.


ನೀರ್ಚಾಲು_ಮನೆ:

ಇಷ್ಟು ವಿವರ ಸಿಗುತ್ತದೆಂದು ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹಿತ್ತಿಲಲ್ಲಿ ದಾರೆಹುಳಿಯ ಮರ ಉಂಟು, ಮಾವನಿಗೆ ಈಗಲೇ ಹೇಳುತ್ತೇನೆ. ಇನ್ನೆರಡು ಪ್ರಶ್ನೆ. ತಿಂದ ಮೇಲೆ ಬೀಜ ಹಾಕಿದರೆ ನಮ್ಮ ಅಡಿಕೆ ತೋಟದಲ್ಲಿ ಬರುತ್ತದಾ? ಹಣ್ಣಿನ ಮೇಲಿನ ಸ್ಟಿಕ್ಕರಿನ ನಂಬರಿನಿಂದ ಏನಾದರೂ ಗೊತ್ತಾಗುತ್ತದಾ?


ಮುಳ್ಳೇರಿಯ_ತೋಟ:

ಬೀಜದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಈ ಹಣ್ಣುಗಳಲ್ಲಿ ಹೆಚ್ಚಿನವುಗಳ ಬೀಜ ಭತ್ತ, ಅವಡೆಯಂತೆ ಒಣಗಿಸಿ ಇಡುವಂಥದ್ದಲ್ಲ. ಒಣಗಿದರೆ ಸತ್ತಿತು, ತೀರಾ ಚಳಿ ತಾಗಿದರೂ ಸತ್ತಿತು. ಹೊರದೇಶದಿಂದ ತಂಪಿನಲ್ಲಿ ಬಂದ ಹಣ್ಣಿನ ಬೀಜ ಮೊಳೆಯದಿದ್ದರೆ ಆಶ್ಚರ್ಯವಿಲ್ಲ.

ಮ್ಯಾಂಗೊಸ್ಟೀನಿನ ಬೀಜ ಹಾಕಿ ನೋಡಬಹುದು. ಅದರ ಬೀಜ ಪರಾಗದ ಹಂಗಿಲ್ಲದೆ ಆಗುವುದು, ಆದ್ದರಿಂದ ಸಸಿ ತಾಯಿಮರದ ಗುಣವನ್ನೇ ಹೊತ್ತಿರುತ್ತದೆ. ದೊಡ್ಡ ಸೊಳೆಯೊಳಗಿನ ತುಂಬಿದ ಬೀಜವನ್ನು ಆರಿಸಿ, ತಿರುಳು ಪೂರ್ತಿ ತೊಳೆದು, ಅದೇ ದಿನ ತೆಂಗಿನನಾರಿನ ಪುಡಿಯಲ್ಲಿ 1 ಸೆಂಟಿಮೀಟರ್ ಆಳಕ್ಕೆ ಮಲಗಿಸಿ. ಮೂರು ನಾಲ್ಕು ವಾರದಲ್ಲಿ ಮೊಳೆಯುತ್ತದೆ. ಬೇರು ತುಂಬ ನಾಜೂಕು, ಕವಲು ಕಡಿಮೆ. ಉದ್ದದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆಳೆಸಿ, ಕದಲಿಸುವಾಗ ಮಣ್ಣಿನ ಹೆಂಟೆ ಒಡೆಯದ ಹಾಗೆ ನೋಡಿಕೊಳ್ಳಬೇಕು. ಮೊದಲ ಎರಡು ಮೂರು ವರ್ಷ ಅರ್ಧ ನೆರಳು ಬೇಕು, ಆ ಮಟ್ಟಿಗೆ ಅಡಿಕೆ ತೋಟ ಅನುಕೂಲ. ಆಮೇಲೆ ಬಿಸಿಲು ಬೇಕು, ದಟ್ಟ ಅಡಿಕೆಯ ನಡುವೆ ಗಿಡ ಬದುಕುತ್ತದೆ, ಹಣ್ಣು ಬಿಡುವುದಿಲ್ಲ. ಬೀಜದ ಗಿಡ ಫಲಕ್ಕೆ ಬರಲು 8, 10 ವರ್ಷ ಹಿಡಿಯುತ್ತದೆ. ನಮ್ಮ ಮುರಕಲ್ಲಿನ ಗುಡ್ಡದಲ್ಲಿ ಜನವರಿಯಿಂದ ಮೇ ತನಕ ಬುಡ ಒಣಗಬಾರದು, ಗುಡ್ಡ ಕೊರೆದ ಸುರಂಗದ ನೀರೋ ಬಾವಿಯ ನೀರೋ ಖಾತ್ರಿ ಇದ್ದರೆ ಮಾತ್ರ ಕೈಹಾಕಿ.

ರಂಬುಟಾನ್ ಬೀಜದಿಂದ ಮಾಡಬೇಡಿ. ಬೀಜದ ಗಿಡಗಳಲ್ಲಿ ಅರ್ಧದಷ್ಟು ಗಂಡು ಆಗುತ್ತವೆ, ಐದಾರು ವರ್ಷ ನೀರು ಹಾಕಿದ ಮೇಲೆ ಅದು ಗೊತ್ತಾಗುವುದು. ಕಣ್ಣು ಕಸಿಯ ಗಿಡ ತನ್ನಿ, ಮೂರು ನಾಲ್ಕು ವರ್ಷದಲ್ಲಿ ಹಣ್ಣು. ಕೊಡಗಿನ ಚೆಟ್ಟಳ್ಳಿಯಲ್ಲಿರುವ ತೋಟಗಾರಿಕಾ ಸಂಶೋಧನಾ ಕೇಂದ್ರದ ಅರ್ಕಾ ಕೂರ್ಗ್ ಅರುಣ್ ಕೆಂಪು ಜಾತಿ. ಹಣ್ಣು ಬಣ್ಣ ತಿರುಗುವ ಮೊದಲೇ ಮರಕ್ಕೆ ಬಲೆ ಹಾಕಬೇಕು, ಬಾವಲಿಗೆ ಬೇರೆ ಉಪಾಯ ಇಲ್ಲ. ಆದ್ದರಿಂದ ಮರವನ್ನು ಎತ್ತರ ಹೋಗಲು ಬಿಡದೆ ಕೊಯ್ಲು ಮುಗಿದ ಕೂಡಲೇ ಸವರಿ ತಗ್ಗಿಸಿಟ್ಟುಕೊಳ್ಳಿ.

ಲೊಂಗಾನ್ ನಮ್ಮಲ್ಲಿ ಹಸಿರಾಗಿ ಬೆಳೆಯುತ್ತದೆ, ಹೂ ಬಿಡುವುದು ಕಷ್ಟ. ಅದಕ್ಕೆ ಹೂವಿನ ಮೊದಲು ಚಳಿ ಬೇಕು, ಕರಾವಳಿಯಲ್ಲಿ ಅಷ್ಟು ಚಳಿ ಎಲ್ಲಿಂದ? ಥಾಯ್ಲೆಂಡಿನವರು ಬುಡಕ್ಕೆ ಪೊಟ್ಯಾಸಿಯಂ ಕ್ಲೋರೇಟ್ ಕೊಟ್ಟು ಹೂ ಬರಿಸುತ್ತಾರೆ. ಅದು ಸಿಡಿಯುವ ರಾಸಾಯನಿಕ, ಮನೆಯ ತೋಟಕ್ಕೆ ತರುವಂಥದ್ದಲ್ಲ.

ದುರಿಯನ್ ನೆಡುವವರು ತೆಂಗಿನ ಸುಳಿ ಕೊಳೆರೋಗ ಇರುವ ಜಾಗವನ್ನು ಬಿಡಬೇಕು. ತೆಂಗಿನ ಸುಳಿ ಕೊಳೆಸುವ ಫೈಟೋಫ್ತೊರಾ ಪಾಲ್ಮಿವೋರಾ ಎಂಬ ಶಿಲೀಂಧ್ರದಂಥ ರೋಗಾಣುವೇ ದುರಿಯನಿನ ಬೇರು, ಕಾಂಡವನ್ನೂ ಕೊಳೆಸುತ್ತದೆ. ನಮ್ಮ ಆಟಿ ತಿಂಗಳ (ಜುಲೈ, ಆಗಸ್ಟ್) ಮಳೆಗೆ ಬುಡದಲ್ಲಿ ಎರಡು ದಿನ ನೀರು ನಿಂತರೆ ಸಾಕು. ಇಳಿಜಾರಿನಲ್ಲಿ ದಿಬ್ಬ ಮಾಡಿ ನೆಟ್ಟು, ಮಳೆಗೆ ಮೊದಲು ಕಾಂಡಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ತೆಂಗು ಅಡಿಕೆಯ ನಡುವಿನ ಮಿಶ್ರಬೆಳೆಯ ಬಗ್ಗೆ ಅನುಮಾನ ಇದ್ದರೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ (ಸಿ.ಪಿ.ಸಿ.ಆರ್.ಐ.) ಹೋಗಿ ಕೇಳಿ, ಅದೇ ಅವರ ಕೆಲಸ.

ಗಲ್ಫಿನಿಂದ, ಥಾಯ್ಲೆಂಡಿನಿಂದ ಬರುವ ನೆಂಟರ ಹತ್ತಿರ ಗಿಡ, ಬೀಜ ತರಿಸಬೇಡಿ. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಅದಕ್ಕೆ ಪರವಾನಗಿ, ಸಸ್ಯಾರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಒಂದು ಸಸಿಯ ಮಣ್ಣಿನಲ್ಲಿ ಹೊಸ ರೋಗ ಬಂದರೆ ಇಡೀ ಊರಿನ ತೋಟಕ್ಕೆ ಹಬ್ಬುತ್ತದೆ.


ಕುಂಬಳೆ_ಹಣ್ಣಂಗಡಿ:

ಸ್ಟಿಕ್ಕರ್ ಬಗ್ಗೆ. ಅದರಲ್ಲಿರುವ ನಾಲ್ಕು ಅಂಕೆ ಬಿಲ್ ಮಾಡುವವರ ಅನುಕೂಲಕ್ಕೆ, ಜಾತಿ ಮತ್ತು ಗಾತ್ರ ತಿಳಿಸಲು. ಸಣ್ಣ ಹಾಸ್ ಬೆಣ್ಣೆಹಣ್ಣಿಗೆ 4046, ದೊಡ್ಡದಕ್ಕೆ 4225. ಮೊದಲಲ್ಲಿ 9 ಸೇರಿ ಐದು ಅಂಕೆಯಾದರೆ ಸಾವಯವ ಎಂದು ಅರ್ಥ. 8ರಿಂದ ಶುರುವಾದರೆ ಕುಲಾಂತರಿ ಎಂಬ ಸಂದೇಶವನ್ನು ನಂಬಬೇಡಿ, ಹಾಗೆ ಗುರುತು ಹಾಕುವ ಪದ್ಧತಿ ಅಂಗಡಿಗಳಿಗೆ ಬರಲೇ ಇಲ್ಲ. ಹಣ್ಣು ಹೊಸದೋ ಹಳೆಯದೋ ಎಂದು ಸ್ಟಿಕ್ಕರ್ ಹೇಳುವುದಿಲ್ಲ. ಪೆಟ್ಟಿಗೆಯ ಮೇಲೆ ಯಾವ ದೇಶ, ಪ್ಯಾಕ್ ಮಾಡಿದ ದಿನ ಯಾವುದು ಎಂದು ನೋಡಿ, ಪೆಟ್ಟಿಗೆ ತೋರಿಸಲು ಕೇಳುವ ಹಕ್ಕು ನಿಮಗುಂಟು.

ಹಣ್ಣು ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ನಿಷೇಧ. ಎಥಿಲೀನ್ ಗ್ಯಾಸಿಗೆ 100 ಪಿಪಿಎಂ ತನಕ ಅನುಮತಿ ಉಂಟು, ಅದರಿಂದ ಹೆದರಬೇಕಾಗಿಲ್ಲ. ಸಿಪ್ಪೆ ಸುಲಿದು ತಿನ್ನುವ ಹಣ್ಣಾದರೂ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದೇ ಚೂರಿ ಹಾಕಿ, ಇಲ್ಲದಿದ್ದರೆ ಸಿಪ್ಪೆಯ ಕೊಳೆ ಚೂರಿಯ ಜೊತೆ ಒಳಗೆ ಹೋಗುತ್ತದೆ. ಸಾಬೂನು ಬೇಡ. ರಂಬುಟಾನನ್ನು ತಿನ್ನುವ ಹೊತ್ತಿಗೆ ಮಾತ್ರ ತೊಳೆಯಿರಿ, ತೊಳೆದು ಇಟ್ಟರೆ ಕೂದಲಿನ ಬುಡದಲ್ಲಿ ನೀರು ನಿಂತು ಬೂಸರು ಹಿಡಿಯುತ್ತದೆ.

ನಿಮ್ಮ ಮನೆಗೆ ಈ ಸಲ 1 ಕಿಲೋ ಮ್ಯಾಂಗೊಸ್ಟೀನ್, ಅರ್ಧ ಕಿಲೋ ಲೊಂಗಾನ್, ಎರಡು ಬೆಣ್ಣೆಹಣ್ಣು, 250 ಗ್ರಾಮಿನ ಒಂದು ದುರಿಯನ್ ಟ್ರೇ ಸಾಕು. ಬೆಣ್ಣೆಹಣ್ಣಿನಲ್ಲಿ ಒಂದು ಮೆದು, ಒಂದು ಗಟ್ಟಿ ಇರಲಿ. ರಂಬುಟಾನ್ ಅಲ್ಲಿಂದ ತರಬೇಡಿ. ಜೂನ್ ಕಳೆದರೆ ನಮ್ಮ ಕಡೆಯೇ ಗೊಂಚಲು ಸಮೇತ ಬರುತ್ತದೆ, ಅದು ಕೊಯ್ದು ಒಂದೆರಡು ದಿನದ ಮಾಲು.